ತವರಿನಿಂದ ಬಂದ ಕ್ಯಾಮ್‌ಶಾಫ್ಟ್

ಹಸಿ ಜೇಡಿಮಣ್ಣಿನ ವಾಸನೆ ಮೂಗಿಗೆ ಬಿದ್ದರೆ ಉಳಿದವರಿಗೆ ಏನೇನೋ ನೆನಪಾಗುತ್ತದಂತೆ. ನನಗೆ ಇಂಜಿನ್ ಆಯಿಲ್ ನೆನಪಾಗುತ್ತದೆ. ಈ ಸಲದ ಹಬ್ಬಕ್ಕೆ ಮೊದಲು ಶಾಲೆಯಲ್ಲಿ ಮಕ್ಕಳಿಗೆ ಗಣಪತಿ ಮಾಡುವುದನ್ನು ಹೇಳಿಕೊಡುತ್ತಿದ್ದೆ. ನಾನು ಡ್ರಾಯಿಂಗ್ ಟೀಚರು. ವರ್ಷಕ್ಕೊಮ್ಮೆ ಭಾದ್ರಪದದಲ್ಲಿ ನನ್ನ ಬೆಲೆ ಏರುತ್ತದೆ, ಮಿಕ್ಕ ಕಾಲದಲ್ಲಿ ನನ್ನ ಪೀರಿಯಡ್ಡನ್ನು ಗಣಿತದವರು ಕಡ ಕೇಳಿಕೊಂಡು ಹೋಗುತ್ತಾರೆ. ಒದ್ದೆ ಬಟ್ಟೆ ಬಿಚ್ಚಿ ಮಣ್ಣಿನ ಮುದ್ದೆಯನ್ನು ಮೇಜಿನ ಮೇಲಿಟ್ಟಿದ್ದೇ ತಡ, ಕುವೆಂಪುನಗರದ ಆ ಹಳೆಯ ಮನೆಯ ಕಾರ್ ಶೆಡ್ಡು, ಅದರೊಳಗೆ ನಮ್ಮ ಓನರ್ ಆಂಟಿ... "ಮಿಸ್, ಸೊಂಡ್ಲು ಬಿದ್ದೋಯ್ತು" ಎಂದು ಒಂದು ಮಗು ಸೆರಗು ಎಳೆಯುವವರೆಗೂ ನಾನು ಅಲ್ಲೇ ಇದ್ದೆ.

ಮದುವೆಯಾದ ಹೊಸದರಲ್ಲಿ ನಾವು ಅವರ ಮಹಡಿಯ ಮೇಲೆ ಬಾಡಿಗೆಗಿದ್ದೆವು. ಮನೆ ನೋಡಲು ಹೋದ ದಿನ ಗೇಟು ತೆಗೆದರೆ ಶೆಡ್ಡಿನಲ್ಲಿ ಒಂದು ಪುಟ್ಟ ಹಳೇ ಕಾರು, ಅದರ ಕೆಳಗಿನಿಂದ ಹೊರಗೆ ಚಾಚಿದ ಎರಡು ಕಾಲು. ಮೆಕ್ಯಾನಿಕ್ ಇರಬೇಕು ಎಂದುಕೊಂಡು ನನ್ನ ಗಂಡ, "ಓನರ್ ಇದಾರೇನಪ್ಪ?" ಎಂದು ಕೇಳಿದರು. ಅಷ್ಟರಲ್ಲಿ ನಾನು ಬೆಳ್ಳಿಯ ಕಾಲುಂಗುರ ನೋಡಿ ಅವರ ಪಕ್ಕೆ ತಿವಿದೆ. ಕಾಲುಗಳು ಸರಿದು ಹೊರಬಂದವು, ಹಿಂದೆಯೇ ಚೂಡಿದಾರದ ಮೇಲೆ ಗಂಡನ ಹಳೆಯ ಷರಟು ತೊಟ್ಟ, ಕೆನ್ನೆಗೆ ಗ್ರೀಸು ಮೆತ್ತಿಕೊಂಡ ಆಂಟಿ ಬಂದರು.

"ಓನರ್ ನಾನೇ ಕಣಪ್ಪ. ನೀರು ಚೆನ್ನಾಗಿ ಬರುತ್ತೆ, ಗಾಳಿ ಬೆಳಕಿದೆ. ಗಾಡಿ ನಿಲ್ಸೋಕೆ ಮಾತ್ರ ಜಾಗ ಇಲ್ಲ, ಇರೋ ಜಾಗ ಎಲ್ಲಾ ಇವಳದ್ದು" ಎಂದು ಕಾರಿನ ಬಾನೆಟ್ ತಟ್ಟಿದರು. ಮನೆಯೊಳಗೆ ಕಾಲಿಡುವ ಮೊದಲೇ ನಾನು ಒಪ್ಪಿಕೊಂಡುಬಿಟ್ಟಿದ್ದೆ.

ಆಂಟಿ ವಿಮಾ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಕಾರಿನ ಹುಚ್ಚು ಮಾತ್ರ ತವರಿನದು. ಅವರ ತಂದೆ ಟ್ಯಾಕ್ಸಿ ಇಟ್ಟುಕೊಂಡಿದ್ದರು. ಮಕ್ಕಳಿಬ್ಬರೂ, ಆಂಟಿ ಮತ್ತು ಅವರ ತಮ್ಮ, ಆ ಟ್ಯಾಕ್ಸಿಯ ಕೆಳಗೇ ಬೆಳೆದವರು. ಅಕ್ಕನಿಗೆ ಓಡಿಸುವ ಹುಚ್ಚು, ತಮ್ಮನಿಗೆ ಬಿಚ್ಚಿ ಕಟ್ಟುವ ಹುಚ್ಚು. ತಮ್ಮ ಆಮೇಲೆ ಬೆಂಗಳೂರಿನಲ್ಲಿ ರೇಸಿನ ಕಾರುಗಳ ಇಂಜಿನ್ ಕಟ್ಟುವ ಒಂದು ಗ್ಯಾರೇಜು ಇಟ್ಟರು. ಅಕ್ಕ ಗುಮಾಸ್ತಿಕೆ ಮಾಡಿಕೊಂಡೇ ವರ್ಷಕ್ಕೊಂದು ಸಲ ಮಂಡಕಳ್ಳಿ ಕಡೆಯ ಬಯಲಿನಲ್ಲಿ ದಸರಾ ಸಮಯಕ್ಕೆ ನಡೆಯುತ್ತಿದ್ದ ಹೆಂಗಸರ ಕಾರ್ ರೇಸಿಗೆ ಹೋಗುತ್ತಿದ್ದರು. ಅಂಕಲ್ ಮಾತ್ರ ಹೆಂಡತಿ ಕಾರು ಹತ್ತಿದಳೆಂದರೆ ಪೇಪರ್ ಮುಖಕ್ಕೆ ಅಡ್ಡ ಹಿಡಿದುಕೊಂಡು ಕೂತುಬಿಡುತ್ತಿದ್ದರು.

ನಾವು ಬಾಡಿಗೆಗೆ ಹೋಗುವ ಎಷ್ಟೋ ಮೊದಲು ಅಂಥದೊಂದು ರೇಸಿನಲ್ಲಿ ಒಂದು ಅನಾಹುತವಾಗಿತ್ತು. ಅಕ್ಕನ ಮೇಲಿನ ಪ್ರೀತಿಗೆ ತಮ್ಮ ಇಂಜಿನ್ನಿನೊಳಗೆ ದೊಡ್ಡ ದೊಡ್ಡ ಪಿಸ್ಟನ್ನುಗಳನ್ನು ಕೂರಿಸಿದ್ದರು. ಆ ಪಿಸ್ಟನ್ನುಗಳನ್ನು ಮೇಲಕ್ಕೂ ಕೆಳಕ್ಕೂ ಎಳೆಯುವ ಕನೆಕ್ಟಿಂಗ್ ರಾಡುಗಳು ಮಾತ್ರ ಹಳೆಯವೇ. ಭಾರಕ್ಕೆ ಒಂದು ರಾಡು ಮುರಿದು ಇಂಜಿನ್ನಿನ ಪಕ್ಕೆಯನ್ನೇ ತೂತು ಮಾಡಿಕೊಂಡು ಹೊರಬಂದಿತಂತೆ. ನೆಂಟರಿಷ್ಟರೆಲ್ಲ ನೋಡಲು ಬಂದಿದ್ದರು. ಅವರ ಕಣ್ಣೆದುರೇ ಆಂಟಿಯ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದುಕೊಂಡು ಹೋದರು. ಆ ಸಿಟ್ಟಿನಲ್ಲಿ ಆಂಟಿ ಎಲ್ಲರೆದುರಿಗೆ ತಮ್ಮನಿಗೆ, "ನೀನು ಕೈಯಿಟ್ಟಿದ್ದೆಲ್ಲ ಇಷ್ಟೇ ಕಣೋ" ಎಂದುಬಿಟ್ಟರು.

ಅಂದಿನಿಂದ ಅಕ್ಕನ ಮನೆಗೆ ತಮ್ಮ ಬರುವುದು ನಿಂತಿತು. ಗೌರಿ ಹಬ್ಬಕ್ಕೆ ತವರಿನವರು ಹೆಣ್ಣುಮಗಳಿಗೆ ಅರಿಶಿನ ಕುಂಕುಮ ತಂದು ಕೊಡುವುದು ನಮ್ಮ ಕಡೆ ಇದ್ದದ್ದೇ. ಆಂಟಿಗೆ ಅದರ ದುಡ್ಡು ಅಂಚೆಯಲ್ಲಿ ಬರುತ್ತಿತ್ತು, ತಮ್ಮ ಬರುತ್ತಿರಲಿಲ್ಲ. "ದುಡ್ಡು ಯಾರಿಗೆ ಬೇಕಮ್ಮ? ಬಾಗಿಲಲ್ಲಿ ನಿಂತು ಅಕ್ಕ ಅನ್ಬೇಕು, ಅದಲ್ವಾ ಹಬ್ಬ?" ಎಂದು ಒಮ್ಮೆ ನನಗೆ ಹೇಳಿದ್ದರು. ಹೇಳಿ, ಆ ಮಾತೇ ಆಡಿಲ್ಲವೆಂಬಂತೆ ಸ್ಪ್ಯಾನರ್ ಹುಡುಕಲು ಹೋದರು...

ನಾನು ನೆನಪಿಸಿಕೊಳ್ಳುತ್ತಿರುವ ವರ್ಷ ಆಂಟಿಗೆ ಮತ್ತೆ ರೇಸಿಗೆ ಹೋಗುವ ಆಸೆ ಹುಟ್ಟಿತು. ಗೆಲ್ಲಬೇಕು ಅಂತಲ್ಲ. ಟ್ರ್ಯಾಕ್ಟರಿನ ಸಹಾಯವಿಲ್ಲದೆ ಒಮ್ಮೆ ಗೆರೆ ದಾಟಿ ಬರಬೇಕು, ಅಷ್ಟೇ. ಆಷಾಢದಲ್ಲಿ ಇಂಜಿನ್ ಬಿಚ್ಚಿದರು. ನಾನು ಶಾಲೆಯಿಂದ ಬಂದವಳು ಮಹಡಿ ಹತ್ತುವ ಮೊದಲು ಶೆಡ್ಡಿನಲ್ಲಿ ಒಂದು ಸ್ಟೂಲಿನ ಮೇಲೆ ಕೂರುತ್ತಿದ್ದೆ. ಕಾರೆಂದರೆ ಎಸಿ ಇರಬೇಕು, ಬಣ್ಣ ಚೆನ್ನಾಗಿರಬೇಕು ಎನ್ನುವುದಕ್ಕಿಂತ ಹೆಚ್ಚಿಗೆ ನನಗೆ ಏನೂ ಗೊತ್ತಿರಲಿಲ್ಲ. ಆದರೆ ಆಂಟಿ ಬಿಡಿಭಾಗ ಆರಿಸುವುದನ್ನು ನೋಡುವುದು ತುಂಬಾ ಮಜವಾಗಿರುತ್ತಿತ್ತು. ಒಂದೊಂದನ್ನೂ ತಕ್ಕಡಿಯಲ್ಲಿ ತೂಗಿ, ಅಳೆದು, ಇನ್ನೊಂದರ ಪಕ್ಕ ಇಟ್ಟು, ತಲೆ ಅಲ್ಲಾಡಿಸಿ ವಾಪಸ್ಸು ಕಳಿಸುತ್ತಿದ್ದರು. ಹೆಣ್ಣು ನೋಡಲು ಬಂದ ಬೀಗರೂ ಅಷ್ಟು ಕೊಂಕು ತೆಗೆಯುವುದಿಲ್ಲ.

"ಆ ಅಂಗಡಿಯೋರು ಒಳ್ಳೇದು ಅಂದ್ರಲ್ಲ ಆಂಟಿ?" ಎಂದರೆ, "ಒಳ್ಳೇದೇ ಕಣೇ. ಒಳ್ಳೇದು ಅಂತ ಯಾರಿಲ್ಲ ಅಂದ್ರು? ಇಲ್ಲಿರೋ ಮಿಕ್ಕಿದೋರ ಜೊತೆ ಹೊಂದ್ಬೇಕಲ್ಲ. ಇಂಜಿನ್ನಲ್ಲಿ ಒಬ್ರು ಬದಲಾದ್ರೆ ಮಿಕ್ಕಿದೋರೆಲ್ಲ ನಮ್ಮ ಗತಿ ಏನು ಅಂತ ಕೇಳ್ತಾರೆ" ಎನ್ನುತ್ತಿದ್ದರು. ಹೀಗೆ ಸಾಧಾರಣ ಪಿಸ್ಟನ್ನು, ಅದಕ್ಕೆ ತಕ್ಕ ರಾಡು, ಅದಕ್ಕೆ ತಕ್ಕ ಸ್ಪ್ರಿಂಗು ಎಂದು ಎಲ್ಲವನ್ನೂ ಹೊಂದಿಸಿಟ್ಟುಕೊಂಡರು. ಗಣಪತಿ ಹಬ್ಬ ಮುಗಿದ ಮೇಲೆ ಜೋಡಿಸುವುದು ಎಂದಾಗಿತ್ತು.

ಗೌರಿ ಹಬ್ಬದ ಬೆಳಿಗ್ಗೆ ಆಂಟಿ ಕಳಶದ ಮುಂದೆ ಕೂತು ಕೈಗೆ ದಾರ ಕಟ್ಟಿಸಿಕೊಳ್ಳುತ್ತಿದ್ದರು. ನಾನೂ ಅವರ ಮನೆಯಲ್ಲೇ ಪೂಜೆಗೆ ಕೂತಿದ್ದೆ. ಬಾಗಿಲಲ್ಲಿ ಯಾರೋ "ಅಕ್ಕ" ಎಂದರು. ತಲೆ ನರೆತ, ಹೊಟ್ಟೆ ಬಂದ ಗಂಡಸು, ಕೈಯಲ್ಲಿ ಮೊರ. ಆಂಟಿಯ ಕೈಗೆ ಅರ್ಧ ಕಟ್ಟಿದ್ದ ದಾರ ಜಾರಿ ಬಿತ್ತು. ನೋಡುತ್ತಾ ಕೂತುಬಿಟ್ಟರು. ಕೊನೆಗೆ ಅಂಕಲ್ಲೇ, "ಒಳಗ್ ಬಾರಯ್ಯ, ಕಾಲ್ ತೊಳ್ಕೋ" ಎಂದರು.

ಮೊರದಲ್ಲಿ ಸೀರೆ, ಬಳೆ, ಅರಿಶಿನ ಕುಂಕುಮ, ತೆಂಗಿನಕಾಯಿ ಇದ್ದವು. ಅವುಗಳ ಮಧ್ಯೆ ರವಿಕೆ ಕಣದಲ್ಲಿ ಸುತ್ತಿದ ಉದ್ದನೆಯ ಏನೋ ಒಂದು. ಆಂಟಿ ಸೆರಗೊಡ್ಡಿ ಮೊರ ತೆಗೆದುಕೊಂಡರು, ಭಾರಕ್ಕೆ ಸ್ವಲ್ಪ ಬಾಗಿದರು. ಬಟ್ಟೆ ಬಿಡಿಸಿದರೆ ಕನ್ನಡಿಯಂತೆ ಹೊಳೆಯುವ ಒಂದು ಕ್ಯಾಮ್‌ಶಾಫ್ಟು.

"ಸೀರೆ ಎಲ್ರೂ ಕೊಡ್ತಾರೆ ಅಕ್ಕ" ಎಂದರು ತಮ್ಮ. "ನೀನು ಮತ್ತೆ ರೇಸಿಗೆ ಹೋಗ್ತೀಯ ಅಂತ ಭಾವ ಫೋನಲ್ಲಿ ಹೇಳಿದ್ರು. ನಾನೇ ಕೂತು ಮಾಡ್ಸಿದೀನಿ. ಇದನ್ನ ಹಾಕಿ ನೋಡು, ಮುಂದಿರೋ ಒಂದು ಗಾಡಿನೂ ಉಳಿಯಲ್ಲ."

ಆಂಟಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಗೌರಿಯ ಪಕ್ಕದಲ್ಲಿಟ್ಟರು. ಅವತ್ತಿನಷ್ಟು ಸಂತೋಷವಾಗಿ ಆಂಟಿ ಒಬ್ಬಟ್ಟು ಬಡಿಸಿದ್ದನ್ನು ನಾನು ಮತ್ತೆ ನೋಡಲಿಲ್ಲ. ಬೇಡ ಬೇಡ ಎಂದರೂ ತಮ್ಮನ ಎಲೆಗೆ ತುಪ್ಪ ಸುರಿಯುತ್ತಲೇ ಇದ್ದರು.

ತಮ್ಮ ಬೆಂಗಳೂರಿಗೆ ಹೋದ ಮೇಲೆ ಶುರುವಾಯಿತು ಸಂಕಟ. ಕ್ಯಾಮ್‌ಶಾಫ್ಟ್ ಎಂದರೆ ಇಂಜಿನ್ನಿನ ಬಾಗಿಲುಗಳನ್ನು ತೆರೆದು ಮುಚ್ಚಿ ಮಾಡಿಸುವ ಸರಳು ಎಂದು ಆಂಟಿ ನನಗೆ ಮೊದಲೇ ಹೇಳಿಕೊಟ್ಟಿದ್ದರು. ವಾಲ್ವ್ ಎಂಬ ಆ ಬಾಗಿಲುಗಳು ಪಿಸ್ಟನ್ನಿನ ನೆತ್ತಿಯ ಕಡೆಗೆ ತೆರೆದುಕೊಳ್ಳುತ್ತವೆ. ತಮ್ಮ ತಂದ ಕ್ಯಾಮ್ ಅವನ್ನು ಮಾಮೂಲಿಗಿಂತ ಹೆಚ್ಚು ಅಗಲ, ಹೆಚ್ಚು ಹೊತ್ತು ತೆಗೆಯುವಂಥದ್ದು. ಗಾಳಿ, ಪೆಟ್ರೋಲು ಜಾಸ್ತಿ ನುಗ್ಗುತ್ತದೆ, ಕಸುವು ಬರುತ್ತದೆ, ನಿಜ. ಆದರೆ ಆಂಟಿ ಆರಿಸಿಟ್ಟಿದ್ದ ಸಾಧಾರಣ ಸ್ಪ್ರಿಂಗು ಅಷ್ಟು ವೇಗಕ್ಕೆ ಬಾಗಿಲನ್ನು ಹೊತ್ತಿಗೆ ಸರಿಯಾಗಿ ಮುಚ್ಚಲಾರದು. ಮುಚ್ಚದಿದ್ದರೆ ಕೆಳಗಿನಿಂದ ಏರಿಬರುವ ಪಿಸ್ಟನ್ ಬಂದು ಗುದ್ದುತ್ತದೆ.

ಬೇರೆ ಯಾರಾದರೂ ತಂದಿದ್ದರೆ ಆಂಟಿ ಒಂದೇ ನೋಟಕ್ಕೆ ವಾಪಸ್ಸು ಕಳಿಸುತ್ತಿದ್ದರು. ಇದು ತವರಿನಿಂದ ಬಂದದ್ದು, ಗೌರಿಯ ಮುಂದೆ ಇಟ್ಟದ್ದು. ಅಷ್ಟು ವರ್ಷದ ಮೇಲೆ ಬಾಗಿಲಿಗೆ ಬಂದ ತಮ್ಮ ಕೈಯಾರೆ ಕೊಟ್ಟದ್ದು. "ಕೂರುತ್ತೆ ಬುಡು" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಹಾಕದೆಯೇ ಹಾಕಿದ್ದೇನೆ ಎಂದು ಹೇಳುವ ಹಾಗೂ ಇಲ್ಲ. ಅಂಥ ಕ್ಯಾಮ್ ಇರುವ ಇಂಜಿನ್ ನಿಂತಲ್ಲೇ ಗುಡುಗುಡು ಎಂದು ಎಡವುತ್ತಾ ಉಸಿರಾಡುತ್ತದಂತೆ, ರೇಸಿಗೆ ಬರುವ ತಮ್ಮ ದೂರದಿಂದಲೇ ಕಂಡುಹಿಡಿಯುತ್ತಾರೆ. ಹಾಕಿದರೆ ಇಂಜಿನ್ ಹೋಗುತ್ತದೆ, ಹಾಕದಿದ್ದರೆ ತಮ್ಮ ಹೋಗುತ್ತಾನೆ. ನಾನು ಬುದ್ಧಿವಂತೆಯ ಹಾಗೆ, "ನಿಜ ಹೇಳ್ಬಿಡಿ ಆಂಟಿ" ಎಂದೆ. "ಒಂದ್ಸಲ ನಿಜ ಹೇಳಿ ಆಗಿದೆಯಲ್ಲಮ್ಮ" ಎಂದರು.

ನನ್ನ ಬಾಲ್ಕನಿಯಲ್ಲಿ ಶಾಲೆಯ ಮಕ್ಕಳಿಗೆಂದು ತಂದ ಜೇಡಿಮಣ್ಣು ಮಿಕ್ಕಿತ್ತು. ಒಂದು ಮಧ್ಯಾಹ್ನ ಆಂಟಿ ಬಂದು, "ಒಂದು ಹಿಡಿ ಕೊಡೇ" ಎಂದರು. ಹಬ್ಬ ಮುಗಿದ ಮೇಲೆ ಮಣ್ಣು ಯಾಕೋ ಎಂದು ನಾನೂ ಇಳಿದು ಹೋದರೆ, ಅವರು ಮಣ್ಣನ್ನು ಹದವಾಗಿ ನಾದಿ ರೊಟ್ಟಿಯ ಹಾಗೆ ತಟ್ಟಿ ಪಿಸ್ಟನ್ನಿನ ನೆತ್ತಿಯ ಮೇಲೆ ಮೆತ್ತುತ್ತಿದ್ದರು. ಅಂಕಲ್ ಕಿಟಕಿಯಿಂದ ನೋಡಿ ಹೌಹಾರಿದರು.

"ಗಣಪತಿ ಮಣ್ಣು ಕಣೇ ಅದು, ಅಪಚಾರ."

"ಇನ್ನೂ ಗಣಪತಿ ಆಗಿಲ್ಲ ಕಣ್ರೀ, ಬರೀ ಮಣ್ಣು. ಅದುವರೆಗೂ ಎಲ್ಲಿ ಬೇಕಾದ್ರೂ ಕೂರ್ಬೋದು" ಎಂದು ಆಂಟಿ ಕೆಲಸ ಮುಂದುವರಿಸಿದರು. ಮಣ್ಣಿನ ಮೇಲೆ ಒಂದಿಷ್ಟು ಆಯಿಲ್ ಸವರಿ, ತಮ್ಮನ ಕ್ಯಾಮ್ ಕೂರಿಸಿ, ಇಂಜಿನ್ನಿನ ಮೇಲ್ಭಾಗ ಬಿಗಿದು, ಉದ್ದನೆಯ ಸ್ಪ್ಯಾನರಿನಿಂದ ಮೆಲ್ಲಗೆ ಕೈಯಲ್ಲೇ ತಿರುಗಿಸಿದರು. ಮತ್ತೆ ಬಿಚ್ಚಿದಾಗ ಮಣ್ಣಿನ ಮೇಲೆ ವಾಲ್ವಿನ ಗುರುತು ದುಂಡಗೆ ಮೂಡಿತ್ತು. ಬ್ಲೇಡಿನಿಂದ ಕತ್ತರಿಸಿ ನೋಡಿದರೆ ಗುರುತಿನ ಅಡಿಯಲ್ಲಿ ಉಳಿದದ್ದು ಹಪ್ಪಳಕ್ಕಿಂತ ತೆಳುವಾದ ಮಣ್ಣು. ಕೈಯಲ್ಲಿ ತಿರುಗಿಸುವಾಗಲೇ ಇಷ್ಟು ಹತ್ತಿರ ಬಂದರೆ, ಬಯಲಿನಲ್ಲಿ ಓಡುವಾಗ ಗುದ್ದದೇ ಬಿಡುವುದಿಲ್ಲ ಎಂದು ನನ್ನಂಥವಳಿಗೂ ಅರ್ಥವಾಯಿತು. ಆಂಟಿ ಕೈ ತೊಳೆದುಕೊಂಡು ಬಂದು ತಮ್ಮನಿಗೆ ಫೋನ್ ಮಾಡಿದರು. "ಭಾನುವಾರ ಊಟಕ್ಕೆ ಬಾ" ಎಂದಷ್ಟೇ ಹೇಳಿದರು.

ಭಾನುವಾರ ಊಟವಾದ ಮೇಲೆ ಅಕ್ಕ ತಮ್ಮ ಶೆಡ್ಡಿಗೆ ಹೋದರು. ನನ್ನನ್ನು ಯಾರೂ ಕರೆಯಲಿಲ್ಲ, ಆದರೂ ಎಲೆ ಅಡಿಕೆಯ ತಟ್ಟೆ ಹಿಡಿದುಕೊಂಡು ಹಿಂದೆಯೇ ಹೋದೆ. ಆಂಟಿ ಆ ಮಣ್ಣಿನ ಬಿಲ್ಲೆಯನ್ನು ತಮ್ಮನ ಅಂಗೈಯಲ್ಲಿಟ್ಟರು. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಕಿವಿ ಕೆಂಪಾಯಿತು.

"ಮಣ್ಣು ಕಮ್ಮಿ ಹಾಕಿದೀಯ."

"ಸರಿ, ನೀನೇ ಹಾಕು."

ತಮ್ಮ ತೋಳು ಮಡಿಸಿ ತಾವೇ ಮಣ್ಣು ಮೆತ್ತಿದರು, ತಾವೇ ಬಿಗಿದರು, ತಾವೇ ತಿರುಗಿಸಿದರು. ಅಕ್ಕ ಕೈಕಟ್ಟಿ ನಿಂತಿದ್ದರು. ಬಿಚ್ಚಿದಾಗ ಮತ್ತದೇ ಹಪ್ಪಳ. ಶೆಡ್ಡಿನ ಮೆಟ್ಟಿಲ ಮೇಲೆ ತಮ್ಮ ಕುಸಿದು ಕೂತರು. ನಾನು ಹಿಡಿದಿದ್ದ ತಟ್ಟೆಯನ್ನು ಎಲ್ಲಿಡಬೇಕೋ ತಿಳಿಯದೆ ಹಿಡಿದುಕೊಂಡೇ ಇದ್ದೆ.

"ವಾಪಸ್ ತಗೊಂಡೋಗ್ಲಾ ಅಕ್ಕ?" ಎಂದರು ಕೊನೆಗೆ. ದನಿ ಸಣ್ಣಗಿತ್ತು.

ಆಂಟಿ ಅವರ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತರು. "ತವರಿಂದ ಬಂದಿದ್ದನ್ನ ಯಾರಾದ್ರೂ ವಾಪಸ್ ಕಳಿಸ್ತಾರೇನೋ? ನಿನ್ನ ಕ್ಯಾಮಲ್ಲಿ ಒಂದು ಕೊಂಕಿಲ್ಲ. ಪಾಪ, ಅದು ಒಂದೇ ಬಂದ್ಬುಡ್ತು, ಅದರ ಜೊತೆಯೋರು ಬರ್ಲಿಲ್ಲ. ಇದು ಇಲ್ಲೇ ಇರ್ಲಿ. ಜೊತೆಯೋರನ್ನ ವರ್ಷಕ್ಕೊಬ್ರಂತೆ ಕರ್ಕೊಂಡು ಬಾ. ಎಲ್ಲಾ ಸೇರಿದ ದಿನ ಕೂರ್ಸೋಣ." ತಮ್ಮನ ತೋಳಿಗೆ ಮೆತ್ತಿದ್ದ ಮಣ್ಣು ಒರೆಸುತ್ತಾ, "ಅವತ್ತು ಅಂಗಂದಿದ್ದು ತಪ್ಪಾಯ್ತು ಕಣೋ" ಎಂದರು.

ತಮ್ಮ ನೆಲ ನೋಡುತ್ತಾ, "ರಾಡ್ ಬದಲಾಯ್ಸದೇ ಇದ್ದಿದ್ದು ನಂದೂ ತಪ್ಪೇ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಕೊಡಿ ಮೇಡಂ, ಎಲೆ ಅಡಿಕೆ" ಎಂದು ಕೈ ಚಾಚಿದರು.

ಆ ವರ್ಷದ ದಸರಾಕ್ಕೆ ಆಂಟಿ ತಾವು ಕಟ್ಟಿದ ಸಾಧಾರಣ ಇಂಜಿನ್ನಿನಲ್ಲೇ ರೇಸಿಗೆ ಹೋದರು. ಮಂಡಕಳ್ಳಿ ಕಡೆಯ ಆ ಬಯಲಿನ ಕೆಂಪು ಧೂಳು ಇಂದಿಗೂ ನನ್ನ ಒಂದು ದುಪಟ್ಟಾದಲ್ಲಿ ಉಳಿದಿದೆ. ಮುಂದಿದ್ದ ಕಾರುಗಳೆಲ್ಲ ಕಾಲೇಜು ಮುಗಿಸಿದ ಹುಡುಗಿಯರವು, ರೊಯ್ಯನೆ ಹೋದವು. ಆಂಟಿ ತರಕಾರಿ ತರಲು ಹೊರಟವರಂತೆ ಹದವಾಗಿ ಹೊರಟರು. ನನ್ನ ಪಕ್ಕದಲ್ಲಿ ನಿಂತಿದ್ದ ತಮ್ಮ ಕಣ್ಣು ಮುಚ್ಚಿಕೊಂಡು ಬರೀ ಸದ್ದು ಕೇಳುತ್ತಿದ್ದರು. ಬರುವುದೇ ಇಲ್ಲ ಎಂದು ಹಠ ಮಾಡಿದ್ದ ಅಂಕಲ್ ಕಾಫಿಯ ಫ್ಲಾಸ್ಕ್ ಹಿಡಿದು ಎಲ್ಲರಿಗಿಂತ ಮುಂದೆ ಹಗ್ಗದ ಬಳಿ ನಿಂತಿದ್ದರು. ಒಂದು ಕಾರು ಗುಂಡಿಗಿಳಿಯಿತು, ಇನ್ನೊಂದರಿಂದ ಹೊಗೆ ಎದ್ದಿತು. ಆಂಟಿಯ ಕಾರು ಮಾತ್ರ ಸುತ್ತಿನ ಮೇಲೆ ಸುತ್ತು ಹೊಡೆದು ಬಂದು ಗೆರೆ ದಾಟಿತು. ಕೊನೆಯವರಿಗಿಂತ ಒಬ್ಬರು ಮುಂದೆ.

ಧೂಳಿನಲ್ಲಿ ಕಣ್ಣು ಹಲ್ಲು ಮಾತ್ರ ಕಾಣುವ ಹಾಗೆ ಇಳಿದು ಬಂದ ಆಂಟಿಗೆ ತಮ್ಮ, "ನನ್ನ ಕ್ಯಾಮ್ ಇದ್ದಿದ್ರೆ ಗೆದ್ದುಬುಡ್ತಿದ್ದೆ" ಎಂದರು. "ಗೆದ್ದು, ಟ್ರ್ಯಾಕ್ಟರಲ್ಲಿ ಮನೆಗೆ ಬರ್ತಿದ್ದೆ" ಎಂದರು ಅಕ್ಕ. ಇಬ್ಬರೂ ಒಬ್ಬರ ಹೆಗಲು ಒಬ್ಬರು ಹಿಡಿದು ನಕ್ಕಿದ್ದೇ ನಕ್ಕಿದ್ದು. ಅವರನ್ನೇ ನೋಡುತ್ತಾ ಕಾಫಿ ಬಗ್ಗಿಸಿದ ಅಂಕಲ್ ಅರ್ಧ ನೆಲಕ್ಕೆ ಚೆಲ್ಲಿದರು.

ಆಮೇಲಿನದೆಲ್ಲ ಹಬ್ಬಗಳ ಸಾಲು. ಶ್ರಾವಣ ಬಂದರೆ ಸಾಕು, ತಮ್ಮನ ಫೋನು. ಅಳತೆ ಎಷ್ಟು, ತೂಕ ಎಷ್ಟು, ಈ ಸ್ಪ್ರಿಂಗ್ ಆಗುತ್ತಾ, ಆ ಪಿಸ್ಟನ್ನಿನ ನೆತ್ತಿಯಲ್ಲಿ ವಾಲ್ವಿಗೆ ಗುಳಿ ತೋಡಿಸಲಾ ಎಂದು ಗಂಟೆಗಟ್ಟಲೆ ಮಾತು. ಅಕ್ಕ ಹೂಂ ಅನ್ನುವವರೆಗೂ ಒಂದು ನಟ್ಟನ್ನೂ ಕೊಳ್ಳುತ್ತಿರಲಿಲ್ಲ. ಒಂದು ಗೌರಿಗೆ ಗಟ್ಟಿ ಸ್ಪ್ರಿಂಗುಗಳು ಬಂದವು, ಇನ್ನೊಂದು ಗೌರಿಗೆ ಪಿಸ್ಟನ್ನುಗಳು. ಮಧ್ಯೆ ಒಂದು ವರ್ಷ ಏನೂ ಹೊಂದಲಿಲ್ಲವೆಂದು ಬರೀ ಸೀರೆ ಬಂತು, ಆಂಟಿಗೆ ಭಾರೀ ಬೇಜಾರು. ಎಲ್ಲವೂ ದೇವರ ಮನೆಯ ಪಕ್ಕದ ಕಪಾಟಿನಲ್ಲಿ ಎಣ್ಣೆ ಸವರಿದ ಬಟ್ಟೆಯಲ್ಲಿ ಮಲಗಿದ್ದವು. ನಾವು ರಾಮಕೃಷ್ಣನಗರದಲ್ಲಿ ಸ್ವಂತ ಮನೆ ಮಾಡಿಕೊಂಡು ಹೋದ ಮೇಲೂ ಗೌರಿ ಪೂಜೆಗೆ ನಾನು ಅಲ್ಲಿಗೇ ಹೋಗುತ್ತಿದ್ದೆ. ಒಬ್ಬಟ್ಟಿಗೆ ಹೋಗುತ್ತೇನೆ ಎಂದು ನನ್ನ ಗಂಡ ಹಂಗಿಸುತ್ತಿದ್ದರು. ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ಹೋದ ಚಳಿಗಾಲದಲ್ಲಿ ಆಂಟಿ ಹೋಗಿಬಿಟ್ಟರು. ಬೆಳಿಗ್ಗೆ ಕಾಫಿ ಕುಡಿದು, ಎದೆಯಲ್ಲಿ ಏನೋ ಆಗ್ತಿದೆ ಕಣ್ರೀ ಎಂದರಂತೆ, ಅಷ್ಟೇ... ನಾನು ಹೋಗುವ ಹೊತ್ತಿಗೆ ಅಂಕಲ್ ಹೊರಗಿನ ಕುರ್ಚಿಯಲ್ಲಿ ಕೂತಿದ್ದರು. ಪೇಪರ್ ತೊಡೆಯ ಮೇಲೆ ಮಡಿಚಿದಂತೇ ಇತ್ತು.

ಈ ಸಲದ ಗೌರಿಗೆ ನಮ್ಮ ಮನೆಯಲ್ಲೇ ಮೊದಲ ಬಾರಿ ಕಳಶ ಇಟ್ಟೆ. ಪೂಜೆ ಮುಗಿಸಿ ಏಳುವಷ್ಟರಲ್ಲಿ ಕಾಲಿಂಗ್ ಬೆಲ್ ಆಯಿತು. ಆಂಟಿಯ ತಮ್ಮ. ಕೈಯಲ್ಲಿ ಮೊರ. ಅದರಲ್ಲಿ ಸೀರೆ, ಬಳೆ, ಅರಿಶಿನ ಕುಂಕುಮ, ತೆಂಗಿನಕಾಯಿ, ಮತ್ತು ಒಂದು ಮರದ ಪೆಟ್ಟಿಗೆ.

"ರಾಡುಗಳು ಮೇಡಂ" ಎಂದರು. "ಇದೊಂದೇ ಬಾಕಿ ಇದ್ದಿದ್ದು. ಹೋದ್ವರ್ಷನೇ ಅಕ್ಕ ಎಲ್ಲಾ ಅಳತೆ ಕೊಟ್ಟಿದ್ಲು. ಗೌರಿ ದಿನ ಇದನ್ನ ಹೆಣ್ಮಕ್ಕಳ ಕೈಗೇ ಕೊಡ್ಬೇಕಲ್ವಾ. ಎಲ್ಲಿಗೆ ಹೋಗ್ಲಿ ಅಂತ ಗೊತ್ತಾಗ್ಲಿಲ್ಲ."

ನಾನು ಸೆರಗೊಡ್ಡಿ ತೆಗೆದುಕೊಂಡೆ. ಅಷ್ಟು ಭಾರವಿರುತ್ತದೆಂದು ಗೊತ್ತಿರಲಿಲ್ಲ. ಒಳಗೆ ಕರೆದು ಕೂರಿಸಿ ನೀರು ಕೊಟ್ಟೆ. ಅವರು ಲೋಟ ಹಿಡಿದುಕೊಂಡು ಕುಡಿಯದೇ ಕೂತಿದ್ದರು.

"ನಿನ್ನೆ ಪೆಟ್ಟಿಗೆ ಬಂತು. ತೂಗಿ ನೋಡ್ದೆ, ಎಲ್ಲಾ ಸರಿಗಿದೆ ಅನ್ನಿಸ್ತು. ಆದ್ರೂ ಒಂದ್ಮಾತು ಕೇಳ್ಬುಡೋಣ ಅಂತ ಅಕ್ಕನಿಗೆ ಫೋನ್ ಮಾಡ್ದೆ. ರಿಂಗ್ ಆಗಕ್ಕೆ ಶುರುವಾದ್ಮೇಲೆ ಗೊತ್ತಾಯ್ತು ಮೇಡಂ."

"ಇನ್ಮೇಲೆ ನಂಗೆ ಮಾಡಿ ಅಣ್ಣ" ಎಂದೆ. "ಇಂಜಿನ್ ಬಗ್ಗೆ ನಂಗೆ ಒಂದಕ್ಷರನೂ ಗೊತ್ತಿಲ್ಲ. ಆದ್ರೆ ಫೋನ್ ಎತ್ತುತೀನಿ."

ಅವರು ಜೋರಾಗಿ ನಕ್ಕರು. ನಗುತ್ತಿದ್ದವರು ಹಾಗೇ ಅತ್ತರು, ನಾನೂ ಅತ್ತೆ. ಆಮೇಲೆ ಎಲೆ ಹಾಕಿ ಒಬ್ಬಟ್ಟು ಬಡಿಸಿದೆ. ಬೇಡ ಬೇಡ ಎಂದರು, ನಾನು ಕೇಳಲಿಲ್ಲ.